ಒಕ್ಕಣ್ಣನಿಗೆ ದೃಷ್ಟಿಬೊಟ್ಟು

ಕ್ಯಾಮೆರಾ ಇಟ್ಟುಕೊಂಡವನನ್ನು ನಿನ್ನ ಲೆನ್ಸಿಗೆ ಶತ್ರು ಯಾರಪ್ಪ ಎಂದು ಕೇಳಿದರೆ ಧೂಳು ಎನ್ನುತ್ತಾನೆ, ಮಳೆಹನಿ ಎನ್ನುತ್ತಾನೆ. ನನ್ನನ್ನು ಕೇಳಿದ್ದರೆ ಕೊತ್ತತ್ತಿಯ ನಮ್ಮ ಅಜ್ಜಿ ಎನ್ನುತ್ತಿದ್ದೆ.

ಆಗ ನಾನು ಜಲಪಾತದ ಬಳಿಯ ಬ್ಲಫ್ ಎಂಬ ಊರಿನ ಕರೆಂಟು ಆಫೀಸಿನಲ್ಲಿ ಗುಮಾಸ್ತ. ಸ್ವದೇಶಕ್ಕೆ ಹೊರಟಿದ್ದ ದೊರೆಯೊಬ್ಬರಿಂದ ಮಡಿಚುವ ಕ್ಯಾಮೆರಾ ಒಂದನ್ನು ಕೊಂಡಿದ್ದೆ. ಯುದ್ಧದ ಕಾಲ, ಲೆನ್ಸು ಕೆಟ್ಟರೆ ಇನ್ನೊಂದು ಸಿಗುವುದು ಕನಸಿನ ಮಾತು. ಹಾಗಾಗಿ ಎಳೆಗೂಸನ್ನು ಕಾಯುವಂತೆ ಅದನ್ನು ಕಾಯುತ್ತಿದ್ದೆ, ಮುಟ್ಟಲು ಬಂದವರ ಮೇಲೆ ಉರಿದುಬೀಳುತ್ತಿದ್ದೆ.

ಆ ವರ್ಷ ತಂಗಿಯ ಮದುವೆಯಾಯಿತು. ಅವಳ ಗಂಡನಿಗೆ ದೂರದ ಜಬಲಪುರದಲ್ಲಿ ಕೆಲಸ. ನಮ್ಮ ಅವ್ವ, ಎಂದರೆ ಅಜ್ಜಿಯ ಒಬ್ಬಳೇ ಮಗಳು, ತಂಗಿ ತೊಟ್ಟಿಲಲ್ಲಿದ್ದಾಗಲೇ ತೀರಿಕೊಂಡಿದ್ದಳು. ನಮ್ಮಿಬ್ಬರನ್ನೂ ಸಾಕಿದವಳು ಅಜ್ಜಿಯೇ.

"ಅಣ್ಣ, ಅಜ್ಜೀದೊಂದು ಪಟ ತಗ್ದುಕೊಡು. ಅದಿಲ್ದೆ ನಾ ರೈಲು ಅತ್ತಕಿಲ್ಲ" ಎಂದು ತಂಗಿ ಹಟ ಹಿಡಿದಳು.

ಅಜ್ಜಿಯದು ಅದಕ್ಕಿಂತ ದೊಡ್ಡ ಹಟ. "ಎರಡು ಕಣ್ಣಿರೋರ ದೃಷ್ಟೀನೇ ತಡ್ಕೊಳಕಾಗಕಿಲ್ಲ, ಇದು ಒಕ್ಕಣ್ಣ ಕಣ್ಲಾ. ರೆಪ್ಪೆ ಬ್ಯಾರೆ ಬಡಿಯಕಿಲ್ಲ. ಇದ್ರ ಮುಂದೆ ಕೂತ್ರೆ ನಾ ಉಳ್ದೇನಾ?"

ರೆಪ್ಪೆ ಬಡಿಯುತ್ತದೆ ಅಜ್ಜಿ, ಒಂದು ಸಲ ಬಡಿದರೇ ಪಟ ಬೀಳುವುದು ಎಂದು ನಾನು ಬುದ್ಧಿವಂತನಂತೆ ವಿವರಿಸಿದೆ.

"ನಂಗೇ ಕಣ್ಣು ಬ್ಯಾರೆ ಒಡೀತದಾ ಮುಂಡೇದು!" ಎಂದು ಅಜ್ಜಿ ಇನ್ನಷ್ಟು ಕೆರಳಿದಳು.

ತಂಗಿ ಅತ್ತು ಕರೆದು ಊಟ ಬಿಟ್ಟ ಮೇಲೆ ಅಜ್ಜಿ ಒಂದು ಷರತ್ತಿನ ಮೇಲೆ ಒಪ್ಪಿದಳು. ಕ್ಯಾಮೆರಾದ ಕಣ್ಣಿಗೆ ತಾನೇ ಕೈಯಾರೆ ದೃಷ್ಟಿಬೊಟ್ಟು ಇಡಬೇಕಂತೆ. ನಿನ್ನ ಕೆನ್ನೆಗೇ ಇಟ್ಟುಕೋ ಎಂದೆ. "ನಾನೇನು ಮದುವಣಗಿತ್ತಿಯಾ? ಯಾರ ಕಣ್ಣು ಕೆಟ್ಟದ್ದೋ ಅವ್ರಿಗೇ ಇಡ್ಬೇಕು" ಎಂದಳು. ಬೊಟ್ಟೆಂದರೆ ಹರಳೆಣ್ಣೆ ದೀಪದ ಮಸಿಯಿಂದ ಮನೆಯಲ್ಲೇ ಮಾಡಿದ ಕಾಡಿಗೆ. ಅದು ನನ್ನ ಲೆನ್ಸಿನ ಮೇಲೆ!

ಕಾಡಿಗೆ ಲೆನ್ಸಿಗೆ ತಾಗದಂತೆ ಅದರ ಮುಂದೆ ಕೂರಿಸುವ ಗಾಜೊಂದನ್ನು ಹುಡುಕಿಕೊಂಡು ಮಂಡ್ಯಕ್ಕೆ ಓಡಿದೆ. ಪೇಟೆಯ ಫೋಟೋ ಅಂಗಡಿಯಲ್ಲಿ ಎರಡೇ ಫಿಲ್ಟರು ಉಳಿದಿದ್ದವು. ಒಂದಕ್ಕೆ ಬಣ್ಣವಿಲ್ಲ, ಇನ್ನೊಂದು ಹಳದಿ.

"ಅಳದಿ ತಕ್ಕಳಿ ಸಾಮಿ, ಮೋಡ ಎದ್ದು ಕಾಣ್ತವೆ" ಎಂದ ಅಂಗಡಿಯವನು.

ಅಜ್ಜಿಯ ಪಟಕ್ಕೆ ಮೋಡ ಯಾಕೆ? ಆದರೂ ಬಣ್ಣವಿಲ್ಲದ ಗಾಜಿಗೆ ದುಡ್ಡು ಸುರಿಯಲು ಮನಸ್ಸು ಬರಲಿಲ್ಲ, ನೀರಿಗೆ ಮಜ್ಜಿಗೆಯ ಬೆಲೆ ಕೊಟ್ಟಂತೆ. ಅರಿಶಿನದ ಬಣ್ಣ, ಅಜ್ಜಿಗೂ ಒಪ್ಪಿಗೆಯಾದೀತು ಎಂದು ಹಳದಿಯನ್ನೇ ತಂದೆ.

ಅಜ್ಜಿ ಅದನ್ನು ನೋಡಿದ್ದೇ ತಡ, "ಅಯ್ಯೋ, ಇದ್ಕೆ ಕಾಮಾಲೆ ಬಂದದಲ್ಲಾ! ಕಾಮಾಲೆ ಕಣ್ಣಿಗೆ ಕಂಡಿದ್ದೆಲ್ಲ ಅಳದಿ. ನನ್ನೂ ಕಾಯ್ಲೆಯೋಳ ಮಾಡಿ ತೋರ್ಸೀಯಾ?" ಎಂದಳು.

ಪಟ ಬರುವುದು ಕಪ್ಪು ಬಿಳುಪಿನಲ್ಲಿ ಎಂದರೆ ಯಾರು ಕೇಳುತ್ತಾರೆ? ಮತ್ತೆ ಮಂಡ್ಯ. ಅಂಗಡಿಯವನು "ಮೋಡ ಬ್ಯಾಡ್ವಾ ಸಾಮಿ?" ಎಂದು ಹಲ್ಲು ಕಿರಿಯುತ್ತ ಬಣ್ಣವಿಲ್ಲದ್ದನ್ನು ಕೊಟ್ಟ.

ಪಟ ತೆಗೆಯುವ ದಿನ ಅಜ್ಜಿ ಗಾಜಿನ ಅಂಚಿಗೆ ಒಂದು ಚುಕ್ಕೆ ಇಟ್ಟಾಳು ಎಂದುಕೊಂಡಿದ್ದೆ. ಅವಳು ಹೆಬ್ಬೆರಳಿಗೆ ಕಾಡಿಗೆ ಮೆತ್ತಿಕೊಂಡು ನಟ್ಟನಡುವೆ ಒತ್ತಿದಳು. ನಾನು ಆ ಕಡೆ ತಿರುಗಿ ಪಂಚೆಯ ಚುಂಗಿನಿಂದ ಮೆಲ್ಲಗೆ ಒರೆಸಿದೆ. ಮಸಿ ಹೋಯಿತು, ಹರಳೆಣ್ಣೆ ಗಾಜಿನ ತುಂಬ ಹರಡಿತು. ಗಾಜನ್ನೇ ಕಳಚೋಣವೆಂದರೆ ಅಜ್ಜಿ ಜಗಲಿಯಿಂದಲೇ ಕತ್ತು ಚಾಚಿ, "ಆ ಮುಚ್ಚಳ ಅಲ್ಲೇ ಇರ್ಲಿ ಕಣ್ಲಾ" ಎಂದಳು. ಆದದ್ದಾಗಲಿ ಎಂದು ಗುಂಡಿ ಒತ್ತಿದೆ.

ಅಂಗಡಿಯಿಂದ ಬಂದ ಪಟ ನೋಡಿ ತಲೆ ಕೆಟ್ಟುಹೋಯಿತು. ಮಂಜಿನಲ್ಲಿ ಕೂತಂತಿದ್ದ ಮುಖ. ಒಂದು ಸುಕ್ಕೂ ಇಲ್ಲ.

ತಂಗಿಯ ಕಣ್ಣಲ್ಲಿ ನೀರು ಬಂತು. "ಇದು ನಮ್ಮಜ್ಜಿ ಅಲ್ಲ, ಯಾರೋ."

"ಎಲ್ಲ ನಿನ್ನ ಕಾಡಿಗೆಯಿಂದ!" ಎಂದು ನಾನು ಅಜ್ಜಿಯ ಮೇಲೆ ರೇಗಿದೆ.

ಅಜ್ಜಿ ಪಟವನ್ನು ಬಾಗಿಲ ಬೆಳಕಿಗೆ ಹಿಡಿದು ನಿಂತಳು. ಆಮೇಲೆ ತಂಗಿಯ ಕೈಗಿಟ್ಟಳು.

"ನಿಮ್ಮವ್ವ ಕಣವ್ವ" ಎಂದಳು.

ನಾನು ಬಗ್ಗಿ ನೋಡಿದೆ. ಅದೇ ಕೆನ್ನೆ, ಅದೇ ಗದ್ದ. ಅವ್ವನ ಪಟ ನಮ್ಮಲ್ಲಿ ಒಂದೂ ಇರಲಿಲ್ಲ. ತಂಗಿಗಂತೂ ಅವ್ವನ ಮುಖದ ನೆನಪೇ ಇರಲಿಲ್ಲ. ಅವಳು ಪಟವನ್ನು ಎದೆಗೊತ್ತಿಕೊಂಡು ಅತ್ತಳು. ನನಗೂ ತಡೆಯಲಾಗಲಿಲ್ಲ, ಅತ್ತೆ.

ಅಜ್ಜಿ ಮೂಗು ಒರೆಸಿಕೊಂಡು ಜಗಲಿಯ ಮೇಲೆ ಹೋಗಿ ಕುಳಿತಳು. "ಬಾರ್ಲಾ, ಇನ್ನೊಂದು ತಗಿ."

ನಾನು ತಂಟೆಯೇ ಬೇಡವೆಂದು ಗಾಜನ್ನು ಕೂರಿಸಿ, ಬೊಟ್ಟಿಡಲು ಅವಳ ಮುಂದೆ ಹಿಡಿದೆ.

"ಅದ್ನ ತಗ್ದಾಕು. ಮಗಳ್ನ ತಂದು ತೋರಿಸ್ತು, ಕೆಟ್ಟ ಕಣ್ಣಲ್ಲ ಬುಡು" ಎಂದಳು. ಆಮೇಲೆ ತಂಗಿಯ ಕಡೆ ತಿರುಗಿ ಸೆರಗು ಸರಿಮಾಡಿಕೊಂಡು ಮುಖವನ್ನು ಬಿಸಿಲಿಗೆ ಒಡ್ಡಿದಳು.

"ನಿಂಗೆ ನನ್ ಸುಕ್ಕೇ ಬೇಕೇನವ್ವ? ತಕ್ಕೋ, ಬೇಕಾದಷ್ಟವೆ."