ಚೀಲದ ಸಮೇತ ನೆಟ್ಟ ಡೇಲಿಯಾ

ಹೈದರಾಬಾದಿನ ಲಿಂಗಂಪಲ್ಲಿಯಲ್ಲಿ ನಾನು ಬಾಡಿಗೆಗಿದ್ದ ಮನೆಯ ಹಿಂದೆ ನಾಲ್ಕು ಮಂಚ ಹಾಕುವಷ್ಟು ಜಾಗವಿತ್ತು. ಆಫೀಸಿನಲ್ಲಿ ನಾನು ಅದನ್ನು 'ನಮ್ಮ ಗಾರ್ಡನ್' ಎನ್ನುತ್ತಿದ್ದೆ. ಸಾಫ್ಟ್‌ವೇರ್ ಕಂಪನಿಗಳು ನಗರದ ಪಶ್ಚಿಮಕ್ಕೆಲ್ಲ ಗಾಜಿನ ಕಟ್ಟಡ ಎಬ್ಬಿಸುತ್ತಿದ್ದ ಕಾಲ. ಜೊತೆಯವರು ಹೊಸ ಕಾರು, ಹೊಸ ಫ್ಲ್ಯಾಟು ಎಂದು ಮಾತಾಡುವಾಗ ಮೈಸೂರಿನಿಂದ ಹೋದ ನನಗೂ ಹೇಳಿಕೊಳ್ಳಲು ಏನಾದರೂ ಬೇಕಲ್ಲ. 'ಫೆಬ್ರವರಿಯಲ್ಲಿ ನಮ್ಮ ಹಿತ್ತಿಲು ನೋಡಬೇಕು, ಇಲ್ಲದ ಹೂವಿಲ್ಲ' ಎಂದುಬಿಟ್ಟೆ.

ನಿಜಕ್ಕೂ ಅಲ್ಲಿದ್ದದ್ದು ಬದನೆ ಗಿಡಗಳು, ಒಂದು ನುಗ್ಗೆ ಮರ. ಅವನ್ನು ಬೆಳೆಸಿದವರು ಮಹಡಿಯಲ್ಲಿದ್ದ ಮನೆಯೊಡತಿ, ಬೀದರ್ ಕಡೆಯ ಮುದುಕಿ.

ಮಂಗಳೂರಿನವರಾದ ನಮ್ಮ ಮ್ಯಾನೇಜರು ಫೆಬ್ರವರಿಯ ಒಂದು ಶುಕ್ರವಾರ ನನ್ನನ್ನು ಕರೆದರು. "ಅಮೆರಿಕದ ಕ್ಲೈಂಟ್ ಬಂದಿದ್ದಾರೆ. ಆಕೆಗೆ ಗಾರ್ಡನ್ ಅಂದ್ರೆ ಪ್ರಾಣ. ಭಾನುವಾರ ಬೆಳಿಗ್ಗೆ ನಿಮ್ಮ ಮನೆಗೆ ಕರ್ಕೊಂಡು ಬರ್ತೇನೆ."

ಶನಿವಾರ ಸಿಕಂದರಾಬಾದಿನ ನರ್ಸರಿಯಿಂದ ಆಟೋ ತುಂಬ ಹೂಬಿಟ್ಟ ಡೇಲಿಯಾ, ಪಿಟೂನಿಯ ತಂದೆ. ಚೀಲ ಹರಿದು ನೆಟ್ಟರೆ ಎರಡು ದಿನ ಬಾಡುತ್ತವೆ ಎಂದು ನರ್ಸರಿಯವನು ಎಚ್ಚರಿಸಿದ್ದ. ಹಾಗಾಗಿ ಕಪ್ಪು ಪ್ಲಾಸ್ಟಿಕ್ ಚೀಲದ ಸಮೇತವೇ ಹೂಳತೊಡಗಿದೆ.

ಮನೆಯೊಡತಿ ಮೆಟ್ಟಿಲ ಮೇಲೆ ನಿಂತು ನೋಡಿದರು. "ಏನ್ ಮಾಡಾಕತ್ತೀದಿ ತಮ್ಮಾ?"

"ಗಿಡ ನೆಡ್ತಿದೀನಮ್ಮ."

"ಚೀಲಾ ತೆಗೀಲಾರದಽ?"

"ನಾಳೆ ದೊಡ್ಡವರು ಬರ್ತಾರೆ. ಅವರು ಹೋದ್ಮೇಲೆ ತೆಗೀತೀನಿ."

"ಹಂಗಾದ್ರ ನೆಡೂದಲ್ಲ ಬಿಡು, ಮದುವಿ ಮಂಟಪಾ ಕಟ್ಟಾಕತ್ತೀದಿ" ಎಂದು ಒಳಹೋದರು.

ಭಾನುವಾರ ಅತಿಥಿ ಬಂದರು. ಮ್ಯಾನೇಜರು ತಾವೇ ನೀರೆರೆದು ಬೆಳೆಸಿದವರಂತೆ ಒಂದೊಂದೇ ಹೂ ತೋರಿಸಿದರು. ಆಕೆ ಮಂಡಿಯೂರಿ ಕೂತು, ವಾಲಿದ್ದ ಒಂದು ಡೇಲಿಯಾವನ್ನು ನೆಟ್ಟಗೆ ಮಾಡಲು ಹಿಡಿದರು. ಗಿಡ ಚೀಲದೊಂದಿಗೆ ಮೇಲೆದ್ದು ಕೈಗೆ ಬಂತು.

"ಗೆದ್ದಲು ತಾಗಬಾರದು ಅಂತ ಹೀಗೆ ಮಾಡ್ತೀವಿ" ಎಂದು ಇಂಗ್ಲಿಷಿನಲ್ಲಿ ತೊದಲಿದೆ.

"ಹೈದರಾಬಾದಲ್ಲಿ ಎಲ್ಲರೂ ಹೀಗೇ" ಎಂದು ಮ್ಯಾನೇಜರು ಒಂದು ಕ್ಷಣವೂ ತಡಮಾಡದೆ ಸೇರಿಸಿದರು.

ಅಷ್ಟರಲ್ಲಿ ಮುದುಕಿ ಇಳಿದು ಬಂದರು. ಅತಿಥಿಯ ಕೈಯಿಂದ ಗಿಡ ತೆಗೆದುಕೊಂಡು, ಚೀಲ ಪರಪರ ಹರಿದು, ಗುಳಿ ತೋಡಿ ನೆಟ್ಟರು. ಅತಿಥಿ ನಗುತ್ತ ಮುಂದಿನ ಗಿಡ ಕಿತ್ತರು. ಒಬ್ಬರ ಭಾಷೆ ಒಬ್ಬರಿಗೆ ಗೊತ್ತಿಲ್ಲ. ಆದರೂ ಇಬ್ಬರೂ ಸೇರಿ ಎಲ್ಲವನ್ನೂ ಮತ್ತೆ ನೆಟ್ಟರು. ನಾನೂ ಮ್ಯಾನೇಜರೂ ನೀರು ಹೊತ್ತೆವು. ಮಧ್ಯಾಹ್ನದ ಹೊತ್ತಿಗೆ ಹೂಗಳೆಲ್ಲ ತಲೆ ಬಾಗಿಸಿದ್ದವು. ಅತಿಥಿ ಮಾತ್ರ ಮೊಣಕಾಲ ಮಣ್ಣನ್ನೂ ಕೊಡವದೆ, ಮುದುಕಿ ಮಾಡಿದ ಜೋಳದ ರೊಟ್ಟಿಗೆ ನುಗ್ಗೆ ಹೂವಿನ ಪಲ್ಯ ಹಚ್ಚಿಕೊಂಡು ಎರಡೆರಡು ಸಲ ಬಡಿಸಿಕೊಂಡರು.

ಮರುವಾರ ಆಫೀಸಿನಲ್ಲಿ ನನ್ನನ್ನು ವೇದಿಕೆಗೆ ಕರೆದರು. ಕ್ಲೈಂಟಿಗೆ 'ಮರೆಯಲಾಗದ ಅನುಭವ' ಒದಗಿಸಿದ್ದಕ್ಕೆ ಸರ್ಟಿಫಿಕೇಟು, ಚಪ್ಪಾಳೆ. ಎಲ್ಲವೂ ತಮ್ಮ ಯೋಜನೆಯಂತೆಯೇ ನಡೆಯಿತೆಂದು ಮ್ಯಾನೇಜರು ಭಾಷಣ ಮಾಡಿದರು. ನಾನು ನಾಚಿಕೆಯಿಲ್ಲದೆ ಅವರ ಕೈಕುಲುಕಿದೆ.

ಸಂಜೆ ಸರ್ಟಿಫಿಕೇಟನ್ನು ಮುದುಕಿಗೆ ತೋರಿಸಿದೆ. ಕನ್ನಡಕ ಏರಿಸಿ, ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಛಲೋ ಐತಿ. ಇದ್ರಾಗ ನನ್ನ ಹೆಸ್ರು ಎಲ್ಲೈತಿ?"

ನಾನು ಬಕೆಟ್ ಹಿಡಿದು ಅವರ ಬದನೆ ಗಿಡಗಳಿಗೆ ನೀರು ಹಾಕಲು ಹೋದೆ.