ಮೂಲೆ ಸವೆದ ಹ್ಯಾಂಡಲ್

ಮೆಲ್ಬರ್ನಿನಲ್ಲಿ ಮಗಳ ಮನೆಯ ಗ್ಯಾರೇಜಿನ ಗೋಡೆಯ ಮೇಲೆ ಕಾಲುವೆ ಗೇಟಿನ ಒಂಬತ್ತು ಹ್ಯಾಂಡಲ್ ನೇತಾಡುತ್ತಿವೆ. ಆಸ್ಪತ್ರೆಯವರು ಕರೆದ ಶುಕ್ರವಾರದ ಮೀಟಿಂಗಿಗೆ ಎರಡು ದಿನ ಇದ್ದಾಗ ಅವುಗಳ ಮುಂದೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತೆ. ಯಾವುದನ್ನು ಆಸ್ಪತ್ರೆಗೆ ಒಯ್ಯಬೇಕು ಅಂತ ತಿಳಿಯಲಿಲ್ಲ. ಹ್ಯಾಂಡಲ್ ಆರಿಸುವುದು ನನ್ನ ಕೆಲಸವೇ ಅಲ್ಲ, ನಮ್ಮ ಮನೆಯವರದು. ಅವರನ್ನು ಕೇಳೋಣ ಅಂದರೆ ಒಯ್ಯಬೇಕಾದದ್ದೇ ಅವರಿಗೆ. ಅವರ ಮಾತು ಹೋಗಿ ಐದು ವಾರ ಆಗಿತ್ತು.

ಲಕ್ವಾ ಹೊಡೆದದ್ದು ಬಲಗಡೆಗೆ. ಮುಂಜಾನೆ ಚಹಾ ಬಸಿಗೆ ಸುರಿದುಕೊಂಡು ಕುಡಿಯುತ್ತಿದ್ದರು, ಬಸಿ ಕೈಯಿಂದ ಜಾರಿತು. ಮಗಳ ಹೊಸ ಕಾರ್ಪೆಟ್ ಹಾಳಾಯಿತು ಅಂತ ನಾನು ಬೈದೆ. ಅವರು ನನ್ನ ಕಡೆ ನೋಡಿದರು, ಉತ್ತರ ಕೊಡಲಿಲ್ಲ. ಬೈದರೆ ಸುಮ್ಮನೆ ಕೂರುವ ಮನುಷ್ಯ ಅಲ್ಲ ಅವರು. ಆಗ ಗೊತ್ತಾಯಿತು.

ಆಮೇಲಿನ ವಾರಗಳಲ್ಲಿ ಕಾಲಿಗೆ ಸ್ವಲ್ಪ ಜೀವ ಬಂತು, ಬಾಯಿಗೆ ಗಂಜಿ ಇಳಿಯಿತು. ಬಲಗೈ ಮಾತ್ರ ದಿಂಬಿನ ಮೇಲೆ ಬೇರೆಯವರ ಕೈಯ ಹಾಗೆ ಬಿದ್ದಿತ್ತು. ಕೈಗೆ ವ್ಯಾಯಾಮ ಮಾಡಿಸುವ ಹುಡುಗಿಯೊಬ್ಬಳು ದಿನಾ ಬರುತ್ತಿದ್ದಳು. ಮೆತ್ತನೆಯ ಚೆಂಡು ಕೊಡುತ್ತಿದ್ದಳು, ಪ್ಲಾಸ್ಟಿಕ್ ಲೋಟ ಒಂದರೊಳಗೊಂದು ಇಡು ಅನ್ನುತ್ತಿದ್ದಳು. ಇವರು ಅವನ್ನು ನೋಡುತ್ತಲೇ ಇರಲಿಲ್ಲ. ಒಳ್ಳೆಯ ಹುಡುಗಿ. ನಕ್ಕು ಮಾತಾಡಿಸುತ್ತಿದ್ದಳು. ಆದರೆ ನಕ್ಕರೆ ಕೈ ಏಳುವುದಿಲ್ಲವಲ್ಲ.

ಶುಕ್ರವಾರ ಡಾಕ್ಟರು, ಆ ಹುಡುಗಿ, ಇನ್ನೂ ಇಬ್ಬರು ಕೂತು ತೀರ್ಮಾನ ಮಾಡುವವರಿದ್ದರು. ಬಲಗೈ ತಾನಾಗಿ ಏನಾದರೂ ಮಾಡಿದರೆ, ಹೇಳಿದ್ದು ತಲೆಗೆ ಹೋಗುತ್ತಿದೆ ಅಂತ ಕಂಡರೆ, ವ್ಯಾಯಾಮ ಮುಂದುವರಿಸಿ ಮನೆಗೆ ಕಳಿಸುವ ದಾರಿ ನೋಡುತ್ತಾರೆ. ಇಲ್ಲವೆಂದರೆ ವ್ಯಾಯಾಮ ನಿಲ್ಲಿಸಿ ಮುದುಕರನ್ನು ಇಡುವ ಕೇರ್ ಹೋಮಿಗೆ ಬರೆಯುತ್ತಾರೆ. ಮಗಳು ಇದನ್ನು ನನಗೆ ಅಡುಗೆ ಮನೆಯಲ್ಲಿ ಈರುಳ್ಳಿ ಹೆಚ್ಚುತ್ತಾ ಹೇಳಿದಳು, ಅಳುವುದು ಈರುಳ್ಳಿ ಮೇಲೆ ಹೋಗಲಿ ಅಂತ.

"ಅಲ್ಲಿ ಕನ್ನಡ ಬರೋರು ಯಾರರ ಇರ್ತಾರೇನು?" ಅಂದೆ.

"ಇಲ್ಲವ್ವ."

"ಮತ್ತ ಇವರಿಗೆ ನೀರು ಬೇಕಂದ್ರ ಯಾರಿಗೆ ಹೇಳಬೇಕು?"

"ಅಪ್ಪಗ ಈಗ ಯಾವ ಭಾಷೆನೂ ಇಲ್ಲಲ್ಲವ್ವ," ಅಂದಳು. ಖರೆ ಮಾತು. ನನಗೆ ಸಿಟ್ಟು ಬಂತು. ಚೆಂಡಿಗೆ ಲೋಟಕ್ಕೆ ಏಳದ ಕೈ ತನ್ನ ಹ್ಯಾಂಡಲಿಗೆ ಎದ್ದೀತು ಅಂತ ಹೊಳೆದದ್ದು ಆಗಲೇ.

ಹ್ಯಾಂಡಲ್ ಅಂದರೆ ಏನು ಅಂತ ಹೇಳಬೇಕು. ನಾನು ಓದಿದ್ದು ಮೂರನೇ ಇಯತ್ತೆ, ನೆಟ್ಟಗೆ ಹೇಳಲು ಬಂದರೆ ಬಂತು. ನಮ್ಮ ಮನೆಯವರು ಊರಲ್ಲಿ ಕಾಲುವೆ ಗೇಟಿನ ಕೆಲಸ ಮಾಡುತ್ತಿದ್ದರು. ಗೇಟು ಎತ್ತಿದರೆ ಹೊಲಗಳಿಗೆ ನೀರು, ಇಳಿಸಿದರೆ ಇಲ್ಲ. ಎತ್ತುವುದಕ್ಕೆ ಗೇಟಿನ ಮೇಲೆ ಒಂದು ಚೌಕದ ಕಬ್ಬಿಣದ ತುದಿ ಇರುತ್ತದೆ. ಅದಕ್ಕೆ ಸಿಕ್ಕಿಸಿ ತಿರುಗಿಸುವುದೇ ಹ್ಯಾಂಡಲ್. ಮೊಣಕೈ ಮಡಿಚಿದ ಹಾಗೆ ಇರುವ ಕಬ್ಬಿಣ, ಒಂದು ಕೊನೆಗೆ ಹಿಡಿಕೆ, ಇನ್ನೊಂದು ಕೊನೆಗೆ ಚೌಕದ ತೂತು.

ಎಲ್ಲ ಆ ಚೌಕದಲ್ಲೇ ಇದೆ. ಅದರ ಮೂಲೆ ಚೂಪಾಗಿದ್ದರೆ ಹ್ಯಾಂಡಲ್ ಕಚ್ಚಿ ಹಿಡಿಯುತ್ತದೆ. ಮೂಲೆ ಸವೆದಿದ್ದರೆ ಅರ್ಧ ತಿರುಗಿಸುವಷ್ಟರಲ್ಲಿ ಜಾರುತ್ತದೆ. ಗೇಟಿನ ಹಿಂದೆ ನೀರಿನ ಭಾರ ಇರುತ್ತದಲ್ಲ, ಹ್ಯಾಂಡಲ್ ತಿರುಗಿ ಬಂದು ಮುಖಕ್ಕೋ ಕೈಗೋ ಬಡಿಯುತ್ತದೆ. ಒಂದು ಸಲ ಅವರು ಜ್ವರದಿಂದ ಮಲಗಿದ್ದಾಗ ನಾನೇ ಗೇಟು ಎತ್ತಲು ಹೋದೆ. ಮೂಲೆಯಲ್ಲಿದ್ದ ಹ್ಯಾಂಡಲುಗಳಲ್ಲಿ ಕೈಗೆ ಸಿಕ್ಕಿದ್ದು ತಗೊಂಡೆ. ನನ್ನ ಮುಂದಿನ ಎರಡು ಹಲ್ಲು ಇವತ್ತಿಗೂ ಆ ಕಾಲುವೆಯಲ್ಲಿವೆ.

ಅವರು ಜ್ವರದಲ್ಲೇ ಎದ್ದು ಬಂದರು. ನನ್ನ ಬಾಯಿ ನೋಡಲಿಲ್ಲ ಮೊದಲು. ಹ್ಯಾಂಡಲ್ ಎತ್ತಿ ಚೌಕದೊಳಗೆ ಹೆಬ್ಬೆರಳು ಹಾಕಿ ಸುತ್ತ ಆಡಿಸಿದರು. "ಎರಡು ಮೂಲಿ ತಿಂದಾವ. ಬೆರಳು ಹಾಕಿ ನೋಡಬಾರದೇನಲೇ?" ಅಂದರು. ಆಮೇಲೆ ಬಾಯಿಗೆ ಅರಿಶಿನ ತಂದರು. ಅವತ್ತಿನಿಂದ ಆ ಹ್ಯಾಂಡಲನ್ನು ಮನೆಗೇ ತಂದು ಇಟ್ಟುಕೊಂಡರು. ಕಾಲುವೆ ಆಫೀಸಿನ ಸಾಹೇಬರನ್ನು ಕೇಳಿಯೇ ತಂದರು. ಬೇರೆ ಯಾರ ಕೈಗೂ ಅದು ಸಿಗಬಾರದು ಅಂತ. ಗುಜರಿಗೆ ಹಾಕಿದರೆ ಯಾರೋ ಎತ್ತಿಕೊಂಡು ಹೋಗಿ ಮತ್ತೆ ಗೇಟಿಗೆ ಹಾಕುತ್ತಾರೆ ಅನ್ನುವುದು ಅವರ ಲೆಕ್ಕ. ಹೊಸ ಗೇಟು ಬಂದು ಹಳೆಯವು ಹೋದಾಗ ಇನ್ನೆರಡು ಒಳ್ಳೆಯವು ತಂದರು. ಮೂರು ಆದವು.

ಆ ಮೂರನ್ನೂ ಆಸ್ಟ್ರೇಲಿಯಾಕ್ಕೆ ತಂದರು. ಶೇಂಗಾ ಚಟ್ನಿಪುಡಿ ಎರಡು ಡಬ್ಬಿ ಮನೆಯಲ್ಲೇ ಉಳಿಯಿತು, ತೂಕ ಸಾಲಲಿಲ್ಲ. "ಆ ಕೆಟ್ಟದ್ದನ್ನರ ಬಿಟ್ಟು ಬರ್ರಿ" ಅಂದೆ. "ಬಿಟ್ಟು ಬಂದ್ರ ಯಾರರ ಬಳಸ್ತಾರ" ಅಂದರು. ವಿಮಾನ ಇಳಿದ ಮೇಲೆ ಅಲ್ಲಿಯ ಆಫೀಸರು ಮೂರನ್ನೂ ಬ್ರಷ್ ಹಾಕಿ ತಿಕ್ಕಿ ತೊಳೆದು ಕೊಟ್ಟ, ನಮ್ಮ ಊರಿನ ಮಣ್ಣು ಒಳಗೆ ಬರಬಾರದಂತೆ. ತೊಳೆಯುವಾಗ ಇವರು ಕುತ್ತಿಗೆ ಚಾಚಿ ನೋಡುತ್ತಿದ್ದರು, ಚೌಕದೊಳಗೆ ಸರಿಯಾಗಿ ತಿಕ್ಕಿದನೋ ಇಲ್ಲವೋ ಅಂತ.

ಮೊದಲು ಸಿಡ್ನಿಯಲ್ಲಿದ್ದೆವು. ಅಳಿಯನಿಗೆ ಮ್ಯಾಕ್ವೆರಿ ಪಾರ್ಕಿನಲ್ಲಿ ಕೆಲಸ, ಮನೆ ಪೆಂಡಲ್ ಹಿಲ್ಲಿನಲ್ಲಿ, ರೆಂಟಿಗೆ. ಒಂದು ಭಾನುವಾರ ಸ್ಟೇಷನ್ ಹತ್ತಿರ ಮೆಂತ್ಯದ ಸೊಪ್ಪು ತರಲು ಹೋದವರು ಅಲ್ಲೇ ಹಳೆ ಸಾಮಾನಿನ ಸಂತೆಗೂ ಹೊಕ್ಕೆವು. ಇಂಗ್ಲೆಂಡಿನಿಂದ ಬಂದ ಮುದುಕನೊಬ್ಬ ಹಾಸಿದ ಬಟ್ಟೆಯ ಮೇಲೆ ಹ್ಯಾಂಡಲುಗಳನ್ನು ಇಟ್ಟುಕೊಂಡು ಕೂತಿದ್ದ. ಇವರು ನಿಂತ ಜಾಗದಲ್ಲೇ ನಿಂತರು.

ಅವನ ದೇಶದಲ್ಲಿ ಕಾಲುವೆಗಳಲ್ಲಿ ದೋಣಿ ಓಡಾಡುತ್ತವಂತೆ. ಕೆಳಗಿನ ನೀರಿನಿಂದ ಮೇಲಿನ ನೀರಿಗೆ ದೋಣಿ ಹತ್ತಬೇಕೆಂದರೆ ನಡುವೆ ಒಂದು ನೀರಿನ ಕೋಣೆ, ಅದಕ್ಕೆ ಎರಡೂ ಕಡೆ ಬಾಗಿಲು. ನೀರು ತುಂಬಿಸಲು ಇಳಿಸಲು ಸಣ್ಣ ಗೇಟು ಇರುತ್ತವೆ. ಅವನ್ನು ತಿರುಗಿಸುವುದು ಈ ಹ್ಯಾಂಡಲಿನಿಂದ. ಇದನ್ನೆಲ್ಲ ಆಮೇಲೆ ಮಗಳು ಕೇಳಿ ಹೇಳಿದ್ದು. ಅವತ್ತು ಆ ಇಬ್ಬರಿಗೆ ಮಾತೇ ಬೇಕಾಗಲಿಲ್ಲ. ಇವರು ಒಂದು ಎತ್ತಿ ಚೌಕದೊಳಗೆ ಹೆಬ್ಬೆರಳು ಹಾಕಿದರು. ಆ ಮುದುಕ ನಕ್ಕ, ಇನ್ನೊಂದು ಎತ್ತಿ ತಾನೂ ಹೆಬ್ಬೆರಳು ಹಾಕಿ ತಲೆ ಅಲ್ಲಾಡಿಸಿ ಬದಿಗಿಟ್ಟ, ಇದು ಬೇಡ ಅನ್ನುವ ಹಾಗೆ. ಒಂದು ತಾಸು ಹೀಗೇ ನಡೆಯಿತು. ತೋಳು ಉದ್ದ ಇದ್ದರೆ ಭಾರದ ಗೇಟು ಸಲೀಸು, ಆದರೆ ಗೆಣ್ಣು ಗೋಡೆಗೆ ತರಚುತ್ತದೆ. ಗಿಡ್ಡ ಇದ್ದರೆ ಬೇಗ ತಿರುಗುತ್ತದೆ, ರಟ್ಟೆ ಸೋಲುತ್ತದೆ. ಹಿಡಿಕೆಗೆ ತಿರುಗುವ ಕೊಳವೆ ಹಾಕಿದ್ದರೆ ಅಂಗೈ ಸುಲಿಯುವುದಿಲ್ಲ. ಒಂದಕ್ಕೆ ಎರಡು ಚೌಕ, ಸಣ್ಣದೊಂದು ದೊಡ್ಡದೊಂದು. ಅದನ್ನೇ ತಂದರು. ನನ್ನ ಮೆಂತ್ಯದ ಸೊಪ್ಪು ಬಾಡಿತು.

ಆಮೇಲೆ ಅದು ಚಟವೇ ಆಯಿತು. ಮಗಳು ಅಳಿಯ ಕ್ರಾನ್‌ಬರ್ನಿನಲ್ಲಿ ಮನೆ ತಗೊಂಡು ಎಲ್ಲರೂ ಮೆಲ್ಬರ್ನಿಗೆ ಬರುವಾಗ ಐದು ಆಗಿದ್ದವು. ಕಾರಿನ ಹಿಂದೆ ಅವನ್ನಿಟ್ಟು ಅಳಿಯ ಕೇಳಿದ, "ಮಾಮಾರ, ಸಿಡ್ನಿ ಹಾರ್ಬರ್ ಬ್ರಿಜ್ ಬಿಚ್ಚಿ ತಂದೀರೇನ್ರಿ?" ಇವರು, "ಅದರ ಮೂಲಿ ನೋಡಿಲ್ಲ ಇನ್ನಾ" ಅಂದರು. ಇಲ್ಲಿಗೆ ಬಂದ ಮೇಲೆ ಹೊಲದ ಮನೆಗಳ ಹಳೆ ಸಾಮಾನು ಮಾರುವಲ್ಲಿ ಮತ್ತೆ ನಾಲ್ಕು ಸಿಕ್ಕವು.

ಈಗ ನನ್ನ ತಪ್ಪಿಗೆ ಬರುತ್ತೇನೆ. ಅವರು ಆಸ್ಪತ್ರೆಯಲ್ಲಿದ್ದಾಗಲೇ ಆಯುಧ ಪೂಜೆ ಬಂತು. ಪೂಜೆಗೆ ಮೊದಲು ಹ್ಯಾಂಡಲುಗಳಿಗೆ ಬೆಳ್ಳಿ ಬಣ್ಣ ಬಳಿಯುವುದು ಅವರ ರೂಢಿ. ಈ ವರ್ಷ ಅವರಿಲ್ಲ, ಬಿಟ್ಟರೆ ಕೆಟ್ಟದಾದೀತು ಅಂತ ನಾನೇ ಡಬ್ಬಿ ತರಿಸಿ ಒಂಬತ್ತನ್ನೂ ಅದರಲ್ಲಿ ಅದ್ದಿ ಅದ್ದಿ ತೆಗೆದು ಬಟ್ಟೆ ಒಣಹಾಕುವ ತಂತಿಗೆ ನೇತುಹಾಕಿದೆ. ಕುಂಕುಮ ಹಚ್ಚಿ ನಿಂಬೆಹಣ್ಣು ಕೊಯ್ದೆ. ಚಂದ ಕಾಣುತ್ತಿದ್ದವು.

ಬುಧವಾರ ಕುರ್ಚಿಯಲ್ಲಿ ಕೂತು ಕೊನೆಗೆ ಆರಿಸಿದ್ದು ಎಲ್ಲಕ್ಕಿಂತ ಹಗುರದ್ದನ್ನು. ಸೋತ ಕೈ, ಹಗುರ ಇರಲಿ ಅಂತ. ಆಸ್ಪತ್ರೆಗೆ ಒಯ್ದು ಹಿಡಿಕೆಯನ್ನು ಅವರ ಅಂಗೈಯಲ್ಲಿಟ್ಟು ಬೆರಳು ಮಡಿಚಿದೆ. "ಗೇಟು ಎತ್ರಿ," ಅಂದೆ. "ನೀರು ಬಿಡೂದೈತಿ, ಎತ್ರಿ." ಬೆರಳು ಬಿಚ್ಚಿಕೊಂಡವು. ಮತ್ತೆ ಮಡಿಚಿದೆ. ಮತ್ತೆ ಬಿಚ್ಚಿಕೊಂಡವು. ಹತ್ತು ಸಲವಾದರೂ ಮಾಡಿರಬೇಕು. ಅವರು ಕಿಟಕಿ ನೋಡುತ್ತಿದ್ದರು. ಆ ಹುಡುಗಿ ನನ್ನ ಹೆಗಲ ಮೇಲೆ ಕೈ ಇಟ್ಟು "ನೈಸ್ ಐಡಿಯಾ" ಅಂದಳು. ಸೋತವರಿಗೆ ಹೇಳುವ ದನಿ ಯಾವ ಭಾಷೆಯಲ್ಲಾದರೂ ತಿಳಿಯುತ್ತದೆ. ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟುಕೊಂಡೆ. ದೇವರನ್ನು ಬೈದೆ, ಮಗಳನ್ನು ಬೈದೆ, ಬಸಿಯನ್ನೂ ಬೈದೆ.

ಗುರುವಾರ ಮಧ್ಯಾಹ್ನ ಅದನ್ನು ಗೋಡೆಗೆ ವಾಪಸ್ಸು ಹಾಕಲು ಹೋದೆ. ಹಾಕುವಾಗ ನನ್ನ ಹೆಬ್ಬೆರಳು ಚೌಕದೊಳಗೆ ಹೋಯಿತು. ಹಲ್ಲು ಹೋದ ಮೇಲೆ ನನಗೂ ಅದು ರೂಢಿ. ಒಳಗೆ ಮೂಲೆಯೇ ಇಲ್ಲ. ನಾಲ್ಕೂ ಗುಂಡಗೆ, ನುಣ್ಣಗೆ. ಬಣ್ಣ ಇಳಿದು ಅಲ್ಲಿ ಗಟ್ಟಿಯಾಗಿ ಕೂತಿತ್ತು.

ನಲವತ್ತು ವರ್ಷ ನೋಡಿದ್ದೇನೆ. ಬಣ್ಣ ಹಚ್ಚುವ ಮೊದಲು ಅವರು ಕಾಳು ಬಿಡಿಸಿದ ಗೋವಿನಜೋಳದ ತೆನೆಯನ್ನು ಮುರಿದು ಚೌಕದೊಳಗೆ ತುರುಕುತ್ತಿದ್ದರು. "ಚೌಕಕ್ಕ ಬಣ್ಣ ಮುಟ್ಟಬಾರದು, ಬೆರಳಿಗೆ ತಿಳಿಯಂಗಿಲ್ಲ." ಪ್ರತಿ ವರ್ಷ ಆ ತೆನೆ ಹುಡುಕಿ ಕೊಡುತ್ತಿದ್ದವಳು ನಾನೇ. ಅದು ನೆನಪಾದಾಗ ಇನ್ನೊಂದೂ ನೆನಪಾಯಿತು. ಅವರು ಯಾವ ಹ್ಯಾಂಡಲನ್ನೂ ಹಿಡಿಕೆಯಿಂದ ಎತ್ತಿಕೊಂಡವರಲ್ಲ. ಮೊದಲು ಹೆಬ್ಬೆರಳು, ಆಮೇಲೆ ಹಿಡಿಕೆ. ನಾನು ಚೆಂಡು ಕೊಟ್ಟ ಹಾಗೆ ಹಿಡಿಕೆ ಕೊಟ್ಟಿದ್ದೆ.

ಮತ್ತೆ ಒಂಬತ್ತನ್ನೂ ನೋಡಿದೆ. ಒಳ್ಳೆಯದು ಕೈಗೆ ಬಂದರೆ ಅವರು ಏನು ಮಾಡುತ್ತಿದ್ದರು? ಏನೂ ಇಲ್ಲ, ಹೆಗಲಿಗೆ ಹಾಕಿಕೊಂಡು ಹೋಗುತ್ತಿದ್ದರು. ಕೆಟ್ಟದ್ದು ಬಂದರೆ ಮಾತ್ರ ಸಿಟ್ಟು. ನನ್ನ ಹಲ್ಲು ಮುರಿದ ಆ ಮೂಲೆ ಸವೆದದ್ದನ್ನು ಇಳಿಸಿದೆ. ಎಲ್ಲಕ್ಕಿಂತ ಭಾರ ಅದೇ. ಚಾಕುವಿನ ತುದಿಯಿಂದ ಚೌಕದ ಬಣ್ಣ ಕೆರೆಯತೊಡಗಿದೆ. ಎರಡು ಚೂಪು ಮೂಲೆ, ಎರಡು ತಿಂದ ಮೂಲೆ ಬೆರಳಿಗೆ ಬೇರೆ ಬೇರೆ ತಿಳಿಯಬೇಕು.

ಮಗಳು ಕೆಲಸದಿಂದ ಬಂದು ಬಾಗಿಲಲ್ಲಿ ನಿಂತಳು. "ಅವ್ವಾ, ಅದು ನನ್ನ ತರಕಾರಿ ಚಾಕು."

"ಇನ್ನ ಮ್ಯಾಲೆ ಅಲ್ಲ."

"ನಾಳೆ ಮೀಟಿಂಗ್ ಐತಿ. ನೀನು ಇದನ್ನ ಹಿಡಕೊಂಡು ಬರಬ್ಯಾಡ. ಅಪ್ಪನ್ನ ಯಾಕ ಸುಮ್ನ ಕಾಡತಿ?"

"ನಾ ಕಾಡಲಿಲ್ಲಂದ್ರ ನಾಳಿಂದ ಯಾರೂ ಕಾಡಂಗಿಲ್ಲ ಅವರನ್ನ," ಅಂದೆ. ಅವಳು ಒಳಗೆ ಹೋಗಿ ಇನ್ನೊಂದು ಚಾಕು ತಂದು ನನ್ನ ಪಕ್ಕ ಕೂತಳು.

ಶುಕ್ರವಾರ ಮೀಟಿಂಗಿಗೆ ಒಂದು ತಾಸು ಮೊದಲು ಹೋದೆವು. ಆ ಹುಡುಗಿ ಅಲ್ಲೇ ಲೋಟ ಜೋಡಿಸುತ್ತಿದ್ದಳು. ಊಟದ ಸಣ್ಣ ಮೇಜನ್ನು ಮಂಚದ ಮೇಲೆ ಎಳೆದು ಹ್ಯಾಂಡಲನ್ನು ಮಲಗಿಸಿದೆ. ಹಿಡಿಕೆ ನನ್ನ ಕಡೆ, ಚೌಕ ಅವರ ಕಡೆ. ಬಲಗೈ ಎತ್ತಿ ಹೆಬ್ಬೆರಳನ್ನು ತೂತಿನೊಳಗೆ ಇಟ್ಟು ನನ್ನ ಕೈ ತೆಗೆದೆ. ಈ ಸಲ "ಎತ್ರಿ" ಅನ್ನಲಿಲ್ಲ. ಹಿಡಿಕೆಯನ್ನು ಮಾತ್ರ ಎರಡೂ ಕೈಯಿಂದ ಹಿಡಿದುಕೊಂಡೆ, ತಿರುಗಿಸಲು ಹೊರಟವಳ ಹಾಗೆ.

ಬಹಳ ಹೊತ್ತು ಏನೂ ಆಗಲಿಲ್ಲ. ಮಗಳು ಗಡಿಯಾರ ನೋಡಿದಳು. ಆಮೇಲೆ ಹೆಬ್ಬೆರಳು ಅಲುಗಿತು. ನಾನೇ ಮೇಜು ಅಲುಗಿಸಿದೆನೇನೋ ಅಂದುಕೊಂಡೆ. ಅದು ಒಂದು ಮೂಲೆಗೆ ಹೋಗಿ ನಿಂತಿತು. ಎರಡನೆಯದಕ್ಕೆ ಹೋಯಿತು. ಮೂರನೆಯದರಲ್ಲಿ, ಸವೆದ ಜಾಗದಲ್ಲಿ, ಹಿಂದೆ ಮುಂದೆ ಆಡಿತು. ಅವರು ಕಿಟಕಿ ಬಿಟ್ಟು ನನ್ನ ಕಡೆ ನೋಡಿದರು. ಮುಖದಲ್ಲಿ ಅವತ್ತು ಕಾಲುವೆಯ ಹತ್ತಿರ ಕಂಡ ಅದೇ ಸಿಟ್ಟು. ಬಲಗೈ ಹ್ಯಾಂಡಲನ್ನು ಬದಿಗೆ ತಳ್ಳಿತು. ಒಂದು ಗೇಣೂ ಇರಲಿಕ್ಕಿಲ್ಲ. ನಾನು ಹಿಡಿಕೆ ಬಿಟ್ಟೆ. ಹ್ಯಾಂಡಲ್ ಮೇಜಿನಿಂದ ಜಾರಿ ನೆಲಕ್ಕೆ ಬಿತ್ತು. ಆ ಸದ್ದಿಗೆ ನರ್ಸ್ ಓಡಿ ಬಂದಳು.

ಹುಡುಗಿ ಲೋಟ ಬಿಟ್ಟು ಬಂದು "ಅಗೇನ್, ಪ್ಲೀಸ್" ಅಂದಳು. ಮತ್ತೆ ಇಟ್ಟೆ. ಬೆರಳು ಅಲುಗಲಿಲ್ಲ. ನಾಲ್ಕು ಸಲ ಇಟ್ಟೆ. ಇಲ್ಲ. ನೋಡಿದ್ದಕ್ಕೆ ಅರ್ಥ ಏನು ಅಂತ ಅವಳು ಮಗಳನ್ನು ಕೇಳಿದಳು. ಮಗಳು ನನ್ನ ಮುಂದಿನ ಹಲ್ಲು ತೋರಿಸಿ, ಅಂದರೆ ಹಲ್ಲಿಲ್ಲದ ಜಾಗ ತೋರಿಸಿ, ಇಂಗ್ಲಿಷಿನಲ್ಲಿ ಎಲ್ಲ ಹೇಳಿದಳು. ಹುಡುಗಿ ಬಗ್ಗಿ ಹ್ಯಾಂಡಲ್ ಎತ್ತಿ ತನ್ನ ಹೆಬ್ಬೆರಳನ್ನು ಚೌಕದೊಳಗೆ ಹಾಕಿ ನೋಡಿದಳು. ಆಮೇಲೆ ಏನೋ ಬರೆದುಕೊಂಡಳು.

ಮೀಟಿಂಗಿನಲ್ಲಿ ವ್ಯಾಯಾಮಕ್ಕೆ ಇನ್ನೂ ಮೂರು ವಾರ ಕೊಟ್ಟರು. ಮನೆಗೆ ಕಳಿಸುತ್ತೇವೆ ಅನ್ನಲಿಲ್ಲ, ಕೇರ್ ಹೋಮಿಗೂ ಬರೆಯಲಿಲ್ಲ.

ಇವತ್ತಿಗೆ ಎಂಟು ದಿನ ಆಯಿತು. ಬೆರಳು ಎರಡನೇ ಸಲ ಇನ್ನೂ ಆಡಿಲ್ಲ. ನಾನು ದಿನಾ ಆ ಕೆಟ್ಟದ್ದನ್ನೇ ಚೀಲದಲ್ಲಿ ಹಾಕಿಕೊಂಡು ಬಸ್ಸು ಹತ್ತುತ್ತೇನೆ. ಮೇಜಿನ ಮೇಲಿಟ್ಟು, ಅವರ ಹೆಬ್ಬೆರಳು ಚೌಕದೊಳಗಿಟ್ಟು, ಹಿಡಿಕೆ ನಾನು ಹಿಡಿದು ಕೂರುತ್ತೇನೆ. ಮನೆಗೆ ಬಂದು ಉಳಿದವುಗಳ ಬಣ್ಣ ಕೆರೆಯುತ್ತೇನೆ. ಆರು ಮುಗಿದಿವೆ, ಎರಡು ಉಳಿದಿವೆ.