ಅಟ್ಟದಿಂದ ಹೊರಗೆ ಹೋದ ಹಬೆ

ಮದುವೆಯಾಗಿ ನಾನು ಡೊಂಬಿವಲಿಗೆ ಬಂದಾಗ ನಮ್ಮ ಮನೆಯ ಬಾತ್‌ರೂಮಿಗೆ ಕಿಟಕಿಯೇ ಇರಲಿಲ್ಲ. ಒಬ್ಬರು ಬಿಸಿನೀರು ಹೊಯ್ದುಕೊಂಡು ಬಂದರೆ ಮಧ್ಯಾಹ್ನದವರೆಗೂ ಗೋಡೆ ಬೆವರುತ್ತಿತ್ತು. ಆ ವರ್ಷ ಮಳೆಗಾಲದಲ್ಲಿ ನನ್ನ ಗಂಡ ಎಕ್ಸಾಸ್ಟ್ ಫ್ಯಾನ್ ತಂದು ಬಾಗಿಲ ಮೇಲಿನ ಗೋಡೆಗೆ ಕೂರಿಸಿದರು. ಹಬೆ ನೋಡುತ್ತಿದ್ದಂತೆ ಮಾಯ! ಅದು ಎಲ್ಲಿಗೆ ಹೋಯಿತೆಂದು ಯಾರೂ ಯೋಚಿಸಲಿಲ್ಲ.

ಚಳಿ ಬಿದ್ದಾಗ ಅತ್ತೆ ಅಟ್ಟದಿಂದ ಹೊದಿಕೆಗಳನ್ನು ಇಳಿಸಿದರು. ಹಳೆಯ ಸೀರೆಗಳನ್ನು ಜೋಡಿಸಿ ಅವರೇ ಹೊಲಿದವು. ಎಲ್ಲದಕ್ಕೂ ಬೂಷ್ಟು ಹಿಡಿದಿತ್ತು. ಸ್ಟೂಲಿನ ಮೇಲೆ ನಿಂತೇ ಅಟ್ಟದೊಳಗೆ ತಲೆ ಹಾಕಿದರು. ಫ್ಯಾನಿನ ಬೆನ್ನು ಅಲ್ಲಿಗೇ ತೆರೆದಿತ್ತು.

"ಅಯ್ಯೋ ಮಾರಾಯ್ತಿ! ಇವ ಹಬೆಯನ್ನೆಲ್ಲ ನನ್ನ ಹೊದಿಕೆಗೆ ಕುಡಿಸಿದ್ದಾನೆ!"

ಇವರು ವಾಗ್ಳೆ ಎಸ್ಟೇಟಿನ ಕಾರ್ಖಾನೆಯಿಂದ ಬರುವುದು ಸಂಜೆ. "ಅವ ಬರುವುದರೊಳಗೆ ನಾವೇ ಒಂದು ಪೈಪ್ ಹಾಕುವ. ಹಬೆ ಸೀದಾ ಹೊರಗೆ ಹೋಗ್ಲಿ," ಎಂದರು ಅತ್ತೆ.

"ನಮ್ಮಿಂದ ಆಗ್ತದಾ ಅತ್ತೆ?"

"ಯಾಕೆ, ನಮಗೆ ಕೈ ಇಲ್ವಾ?"

ಆ ಮನೆಯಲ್ಲಿ ಅಡುಗೆ ಬಿಟ್ಟು ಬೇರೆ ಕೆಲಸಕ್ಕೆ ನನ್ನನ್ನು ಕರೆದದ್ದು ಅದೇ ಮೊದಲು. ಸ್ಟೇಷನ್ ರಸ್ತೆಯ ಅಂಗಡಿಯಿಂದ ಉದ್ದದ ಪ್ಲಾಸ್ಟಿಕ್ ಪೈಪ್ ಕೊಂಡೆವು. ಯಾವ ರಿಕ್ಷಾದವನೂ ಹತ್ತಿಸಲಿಲ್ಲ. ಮುಂದೆ ಅತ್ತೆ, ಹಿಂದೆ ನಾನು, ಹೆಗಲ ಮೇಲೆ ಪೈಪ್. "ಬಾಜೂ ಹಟೋ, ಬಾಜೂ ಹಟೋ!" ಎನ್ನುತ್ತ ಅತ್ತೆ ಸಂತೆಯಂಥ ಆ ರಸ್ತೆಯಲ್ಲಿ ದಾರಿ ಮಾಡಿಕೊಂಡು ನಡೆದರು.

ಮೇನ್ ಸ್ವಿಚ್ ಆರಿಸಿ ಇಬ್ಬರೂ ಅಟ್ಟ ಹತ್ತಿದೆವು. ಫ್ಯಾನಿನ ಬಾಯಿ ಅಗಲ, ಪೈಪ್ ಸಪೂರ. ಅತ್ತೆ ಹಳೆಯ ಬಕೆಟ್ಟಿನ ತಳದಲ್ಲಿ ಪೈಪಿನಷ್ಟಗಲದ ತೂತು ಕೊಯ್ದರು. ಅದರ ಅಗಲದ ಬಾಯಿ ಫ್ಯಾನಿಗೆ, ತಳದ ತೂತು ಪೈಪಿಗೆ ಸರಿಯಾಗಿ ಕೂತಿತು! ಸಂದುಗಳಿಗೆ ಸೈಕಲ್ ಟ್ಯೂಬ್ ಸುತ್ತಿದೆವು. ಅಟ್ಟ ಅಡುಗೆಮನೆಯ ಮೇಲೂ ಹಾದು ಹೊರಗೋಡೆಯ ಜಾಲಂಧ್ರದವರೆಗೆ ಇತ್ತು. ಅಲ್ಲಿಯ ಒಂದು ಗಾಜಿನ ಪಟ್ಟಿ ತೆಗೆದು ಪೈಪಿನ ತುದಿಯನ್ನು ಹೊರಗೆ ತೂರಿಸಿದೆವು. ನೀರು ಒಳಗೆ ಬಾರದಂತೆ ಸ್ವಲ್ಪ ಇಳಿಜಾರಾಗಿ ಕಟ್ಟಿದೆವು.

ಸಂಜೆ ಇವರೆದುರು ನಾವಿಬ್ಬರೂ ತುಟಿ ಬಿಚ್ಚಲಿಲ್ಲ. ಬೆಳಿಗ್ಗೆ ಅತ್ತೆ ಕುದಿಕುದಿ ನೀರು ತೋಡಿಕೊಟ್ಟು ಮಗನನ್ನು ಸ್ನಾನಕ್ಕೆ ಅಟ್ಟಿ, ಫ್ಯಾನ್ ಹಾಕಿ, ನನ್ನತ್ತ ತಿರುಗಿ, "ಓಡು ಮಗಾ!" ಎಂದರು. ನಾನು ಚಪ್ಪಲಿ ಮರೆತು ಮೆಟ್ಟಿಲಿಳಿದು ಹಿಂದಿನ ಗಲ್ಲಿಗೆ ಓಡಿದೆ. ಪೈಪಿನ ಬಾಯಿಂದ ಮೊದಲು ಏನೂ ಬರಲಿಲ್ಲ. ಆಮೇಲೆ ಒಂದು ಬಿಳಿ ಎಳೆ, ಅದರ ಹಿಂದೆಯೇ ದಪ್ಪಗೆ ಹಬೆ!

"ಅತ್ತೇ, ಬಂತು! ಬಂತು!"

ಅಡುಗೆಮನೆಯ ಕಿಟಕಿಯಲ್ಲಿ ಅತ್ತೆ ಚಪ್ಪಾಳೆ ತಟ್ಟಿದರು. ಕೆಳಮನೆಯ ಮರಾಠಿ ಹೆಂಗಸು, ನಮ್ಮೆಲ್ಲರ ಕಾಕು, ಬೆಂಕಿ ಬಿತ್ತೆಂದು ಗಾಬರಿಯಾಗಿ ಹೊರಬಂದರು. "ಅಗಂ, ಆಗ್ ಲಾಗ್ಲೀ ಕಾ?"

"ನಾಹೀ ಕಾಕೂ, ಆಮ್ಚೀ ಆಂಘೋಳ್!" ನಮ್ಮ ಸ್ನಾನ ಎಂದು ಹೇಳುವಷ್ಟರಲ್ಲಿ ನಗು ಉಕ್ಕಿ ಅಲ್ಲೇ ಕೂತುಬಿಟ್ಟೆ.

ಮೇಲೆ ಬಂದಾಗ ಇವರು ತಲೆತುಂಬ ಸೋಪಿನ ನೊರೆಯೊಂದಿಗೆ ಬಾಗಿಲು ತುಸು ತೆರೆದು, "ಎಂಥ ಆಯ್ತು? ಯಾರು ಬಂದ್ರು?" ಎಂದು ಕೇಳುತ್ತಿದ್ದರು.

"ಯಾರೂ ಇಲ್ಲ. ನೀನು ಇನ್ನೂ ನಾಲ್ಕು ತಂಬಿಗೆ ಹೊಯ್ಕೊ," ಎಂದರು ಅತ್ತೆ.

ಟವೆಲ್ಲು ಸುತ್ತಿಕೊಂಡೇ ಇವರು ಅಟ್ಟ ಹತ್ತಿ ನೋಡಿದರು. ಒಂದೊಂದು ಸಂದನ್ನೂ ಒತ್ತಿ ಪರೀಕ್ಷಿಸಿದರು. ಕೊನೆಗೆ, "ಹೊರಗಿನ ಬಾಯಿಗೆ ಜಾಳಿಗೆ ಬೇಕು, ಪಾರಿವಾಳ ಹೊಕ್ಕೀತು," ಎಂದರು. ಸಂಜೆ ತಾವೇ ಜಾಳಿಗೆ ತಂದು, ಅದನ್ನು ಹೇಗೆ ಕಟ್ಟಲಿ ಎಂದು ನನ್ನನ್ನು ಕೇಳಿದರು.